ಗಲಾಟೆಯ ದಿನ ಮಕ್ಕಳು ಎಲ್ಲಿರಬೇಕು? ಗಡಿನಾಡಿನವರ ತಯಾರಿ ಬಗ್ಗೆ ಚರ್ಚೆ

ಕುಂಬಳೆ ಟೀಚರ್:

ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ಒಬ್ಬರಾದರೂ ಬೆಂಗಳೂರಲ್ಲಿ ಕೆಲಸದಲ್ಲಿದ್ದಾರೆ, ಇಲ್ಲವೇ ಮಂಗಳೂರಲ್ಲಿ ಓದುತ್ತಿದ್ದಾರೆ. ಅಲ್ಲಿ ಗಲಾಟೆ ಶುರುವಾದರೆ ನಾವು ಟಿವಿ ಹಾಕಿ ಕೂತು ಐದೈದು ನಿಮಿಷಕ್ಕೆ ಫೋನ್ ಮಾಡುತ್ತೇವೆ. ಹತ್ತದಿದ್ದರೆ ಎದೆ ಹೊಡೆದುಕೊಳ್ಳಲು ಶುರುವಾಗುತ್ತದೆ. ಎಲ್ಲ ಶಾಂತವಾಗಿರುವಾಗಲೇ ಈ ವಿಷಯ ಮಾತಾಡಿ ಇಟ್ಟುಕೊಳ್ಳೋಣ ಅಂತ ಬರೆಯುತ್ತಿದ್ದೇನೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಗಲಾಟೆ ಶುರುವಾದ ಮೇಲೆ ಮಕ್ಕಳು ಊರಿಗೆ ಹೊರಡಬಾರದು. ಎರಡು ಮೂರು ದಿನ ಬಾಗಿಲು ಹಾಕಿಕೊಂಡು ಇರಲು ಬೇಕಾದ್ದು ಅವರ ಕೋಣೆಯಲ್ಲೇ ಇರಬೇಕು.

2016ರ ಸೆಪ್ಟೆಂಬರ್ ನೆನಪಿಸಿಕೊಳ್ಳಿ. ತಮಿಳುನಾಡಿಗೆ ದಿನಕ್ಕೆ 15,000 ಕ್ಯುಸೆಕ್ ಕಾವೇರಿ ನೀರು ಬಿಡಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. 9ನೇ ತಾರೀಕು ಕರ್ನಾಟಕ ಬಂದ್ ಇತ್ತು, ಆ ದಿನ ಹೇಗೋ ಕಳೆಯಿತು. 12ನೇ ತಾರೀಕು ಕೋರ್ಟ್ ಅದನ್ನು 12,000 ಮಾಡಿತು. ಅಷ್ಟರಲ್ಲಿ ಬೆಂಗಳೂರಲ್ಲಿ ಒಬ್ಬ ಹುಡುಗನಿಗೆ ಹೊಡೆದ ವಿಡಿಯೊ ಎಲ್ಲರ ಫೋನಲ್ಲಿ ಓಡಾಡಿತ್ತು. ಚೆನ್ನೈಯಲ್ಲಿ ಹೋಟೆಲ್ ಮೇಲೆ ದಾಳಿ ಆದ ಸುದ್ದಿಯೂ ಬಂತು. ಮಧ್ಯಾಹ್ನದ ಹೊತ್ತಿಗೆ ಬೆಂಗಳೂರು ಹೊತ್ತಿಕೊಂಡಿತು. ನಾಯಂಡಹಳ್ಳಿ ಹತ್ತಿರ ಡಿಪೋದಲ್ಲಿ ನಿಂತಿದ್ದ ಬಸ್ಸುಗಳು ಸಾಲಾಗಿ ಸುಟ್ಟುಹೋದವು. ಮೆಟ್ರೊ ನಿಂತಿತು. ಆಫೀಸುಗಳು ಎಲ್ಲರನ್ನೂ ಒಟ್ಟಿಗೆ ಮನೆಗೆ ಬಿಟ್ಟವು. ಸಂಜೆಗೆ 16 ಪೊಲೀಸ್ ಠಾಣೆಗಳ ವ್ಯಾಪ್ತಿಯಲ್ಲಿ ಕರ್ಫ್ಯೂ. ಅಂದು ಹೆಚ್ಚು ಕಷ್ಟಪಟ್ಟವರು ದಾರಿಯಲ್ಲಿದ್ದವರು. ವಾಹನಗಳಿಗೆ ಕಲ್ಲು ಬಿದ್ದದ್ದು ನಂಬರ್ ಪ್ಲೇಟ್ ನೋಡಿ. ಅಂದು ಟಿಎನ್. ಇನ್ನೊಂದು ದಿನ ಎಂಎಚ್ ಆಗಬಹುದು, ಮತ್ತೊಂದು ದಿನ ನಮ್ಮ ಕೆಎಲ್-14.

ಮಂಗಳೂರಿನದ್ದು ನಮಗೆ ಇನ್ನೂ ಹತ್ತಿರ. 2019ರ ಡಿಸೆಂಬರ್ 19ರಂದು ಪೊಲೀಸ್ ಗುಂಡಿಗೆ ಇಬ್ಬರು ಸತ್ತರು, ಕರ್ಫ್ಯೂ ಬಂತು, ದಕ್ಷಿಣ ಕನ್ನಡದಲ್ಲಿ ಮೊಬೈಲ್ ಇಂಟರ್‌ನೆಟ್ ಬಂದ್ ಆಯಿತು. ಕಾಸರಗೋಡಿನ ಮಕ್ಕಳೆಷ್ಟೋ ಮಂದಿ ಅಲ್ಲಿನ ಹಾಸ್ಟೆಲ್‌ಗಳಲ್ಲಿದ್ದರು. ವಾಟ್ಸಾಪ್ ಇಲ್ಲದೆ ಅಪ್ಪ ಅಮ್ಮಂದಿರು ಕಂಗಾಲಾದರು. ಆದರೆ ಮಾಮೂಲಿ ಕರೆ ಹೋಗುತ್ತಿತ್ತು, ಎಸ್ಸೆಮ್ಮೆಸ್ ಹೋಗುತ್ತಿತ್ತು. ಅದು ನೆನಪಾಗಬೇಕಲ್ಲ!

ನೀವೆಲ್ಲ ಏನು ಮಾಡಿಟ್ಟುಕೊಂಡಿದ್ದೀರಿ? ಬರೆಯಿರಿ.

ಹೊಸೂರು ಟು ಎಲೆಕ್ಟ್ರಾನಿಕ್ ಸಿಟಿ:

ಟೀಚರ್, ನೀವು ಹೇಳಿದ 12ನೇ ತಾರೀಕು ನಾನು ಆಫೀಸಲ್ಲಿದ್ದೆ. ಆಮೇಲೆ ಎಷ್ಟೋ ದಿನ ನಮ್ಮ ಕಡೆ ನೇರ ಬಸ್ ಇರಲಿಲ್ಲ. ಕರ್ನಾಟಕದ ಬಸ್ ಅತ್ತಿಬೆಲೆಗೆ ನಿಲ್ಲುತ್ತಿತ್ತು, ತಮಿಳುನಾಡಿನ ಬಸ್ ಜೂಜುವಾಡಿಗೆ. ನಡುವೆ ಜನ ನಡೆದೇ ಹೋಗುತ್ತಿದ್ದರು. ತಲೆ ಮೇಲೆ ಮೂಟೆ, ಕಂಕುಳಲ್ಲಿ ಮಗು, ಕೈಯಲ್ಲಿ ಸೂಟ್‌ಕೇಸ್. ಒಬ್ಬ ಅಜ್ಜಿ ಆಸ್ಪತ್ರೆಯ ಎಕ್ಸ್‌ರೇ ಕವರನ್ನು ಬಿಸಿಲಿಗೆ ಅಡ್ಡ ಹಿಡಿದುಕೊಂಡು ಹೋಗುತ್ತಿದ್ದರು. ಇವತ್ತಿಗೂ ಆ ಟೋಲ್ ದಾಟುವಾಗ ಅವರು ಕಣ್ಣ ಮುಂದೆ ಬರುತ್ತಾರೆ.

ಆಮೇಲಿಂದ ಆಫೀಸಿನ ಡ್ರಾಯರ್‌ನಲ್ಲಿ ಒಂದು ಚೀಲ ಇಟ್ಟಿದ್ದೇನೆ. ಲುಂಗಿ, ಟವೆಲ್, ಬ್ರಷ್, ಬಿಪಿ ಮಾತ್ರೆ, ಚಾರ್ಜರ್, ಕಡ್ಲೆಬೀಜ, ಬಿಸ್ಕೆಟ್, ನಡೆಯಲು ಆಗುವಂಥ ಶೂ. ಎಲ್ಲರೂ ಒಟ್ಟಿಗೆ ಹೊರಟಾಗ ನಾನು ಹೊರಡುವುದಿಲ್ಲ. ರಾತ್ರಿ ಆಫೀಸಲ್ಲೇ ಮಲಗಿ ಬೆಳಿಗ್ಗೆ ದಾರಿ ಹೇಗಿದೆ ಅಂತ ವಿಚಾರಿಸುತ್ತೇನೆ. ಮನೆಯಲ್ಲಿ ಇದು ಮೊದಲೇ ಮಾತಾಗಿದೆ, ಹಾಗಾಗಿ ಯಾರೂ ಗಾಬರಿ ಆಗುವುದಿಲ್ಲ.

ನಿಮ್ಮ ಮಕ್ಕಳಿಗೂ ಇದನ್ನು ಹೇಳಿ. ಬೇಗ ಬಿಟ್ಟರು ಅಂತ ಬೇಗ ಹೊರಟರೆ ಸಿಕ್ಕಿಹಾಕಿಕೊಳ್ಳುವುದು ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್‌ನಲ್ಲಿ.

ಮಂಜೇಶ್ವರದ ಅಣ್ಣ:

ಟೀಚರ್ ಮಾತು ನಾನು ಪೂರ್ತಿ ಒಪ್ಪುವುದಿಲ್ಲ. ಬೆಂಗಳೂರು ಬಂದ್‌ಗಳಿಗೆ ಸಾಮಾನ್ಯವಾಗಿ ಮೊದಲೇ ತಾರೀಕು ಗೊತ್ತಿರುತ್ತದೆ. ಹಿಂದಿನ ರಾತ್ರಿಯ ರೈಲು ಹತ್ತಿಸಿದರೆ ಬೆಳಿಗ್ಗೆ ಮಕ್ಕಳು ಮನೆಯಲ್ಲಿ. ಅಲ್ಲಿ ಒಬ್ಬಳೇ ಇರು ಅಂತ ಹೇಳಲು ನನಗಂತೂ ಮನಸ್ಸು ಬರುವುದಿಲ್ಲ. ನಾಳೆ ಗಲಾಟೆ ನಮ್ಮವರ ಮೇಲೆಯೇ ತಿರುಗಿದರೆ?

ಕುಂಬಳೆ ಟೀಚರ್:

ಅಣ್ಣ, ತಾರೀಕು ಗೊತ್ತಿದ್ದರೆ ಖಂಡಿತ ಹಿಂದಿನ ದಿನವೇ ಕರೆಸಿಕೊಳ್ಳಿ. ಆದರೆ ದೊಡ್ಡ ಗಲಾಟೆಗಳು ತಾರೀಕು ಹೇಳಿ ಬಂದಿಲ್ಲ. 2016ರಲ್ಲಿ ಘೋಷಿಸಿದ ಬಂದ್ ಕಳೆದು ಮೂರು ದಿನದ ಮೇಲೆ ಬೆಂಕಿ ಬಿತ್ತು. 2006ರ ಏಪ್ರಿಲ್ 12ಕ್ಕೆ ಯಾರೂ ಬಂದ್ ಕರೆದಿರಲಿಲ್ಲ. ಮಧ್ಯಾಹ್ನ ರಾಜ್‌ಕುಮಾರ್ ತೀರಿಕೊಂಡ ಸುದ್ದಿ ಬಂತು, ಮಾರನೇ ದಿನಕ್ಕೆ ಊರೇ ಅಲ್ಲೋಲಕಲ್ಲೋಲ. 2020ರ ಆಗಸ್ಟ್ 11ರ ರಾತ್ರಿ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿಯಲ್ಲಿ ಒಂದು ಫೇಸ್‌ಬುಕ್ ಪೋಸ್ಟ್‌ನಿಂದ ಕೆಲವೇ ಗಂಟೆಗಳಲ್ಲಿ ಠಾಣೆಗೆ ಬೆಂಕಿ ಹಚ್ಚುವ ತನಕ ಹೋಯಿತು. ಮೂವರು ಗುಂಡಿಗೆ ಬಲಿಯಾದರು.

ನಮ್ಮವರ ಮೇಲೆ ತಿರುಗಿದರೆ ಅಂತ ಕೇಳಿದಿರಿ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳ ಮಕ್ಕಳಿಗೆ ಬೆಂಗಳೂರಲ್ಲಿ ಅದೇ ಭಯ ಹುಟ್ಟಿತು. ನಿಮ್ಮ ಮೇಲೆ ದಾಳಿ ಆಗುತ್ತದೆ ಅಂತ ಮೆಸೇಜು, ವದಂತಿ. ಸಾವಿರಾರು ಮಂದಿ ಗುವಾಹಟಿ ರೈಲು ಹತ್ತಿದರು. ಕಾಲಿಡಲು ಜಾಗ ಇಲ್ಲದ ಬೋಗಿಗಳಲ್ಲಿ ಅಷ್ಟು ದೂರ. ಕೊನೆಗೆ ಕೇಂದ್ರ ಸರಕಾರ ಐದಕ್ಕಿಂತ ಜಾಸ್ತಿ ಜನರಿಗೆ ಒಟ್ಟಿಗೆ ಎಸ್ಸೆಮ್ಮೆಸ್ ಕಳಿಸಬಾರದು ಅಂತ ನಿರ್ಬಂಧ ಹಾಕಬೇಕಾಯಿತು. ಕೆಲಸ, ಓದು ಬಿಟ್ಟು ಓಡಿದ ಆ ಮಕ್ಕಳ ಮುಖ ಟಿವಿಯಲ್ಲಿ ನೋಡಿ ನನಗೆ ತುಂಬಾ ಸಂಕಟ ಆಗಿತ್ತು. ಹಾಗಾಗಿ ಹೇಳುತ್ತೇನೆ, ಯಾರೋ ಕಳಿಸಿದ ಮೆಸೇಜ್ ನೋಡಿ ಹೊರಡುವುದು ಬೇಡ. ಮನೆಯ ಪಕ್ಕದಲ್ಲೇ ಗಲಾಟೆ ಆದರೆ ಮಾತ್ರ ಬಿಡಬೇಕು. ಬಿಟ್ಟು ಹೋಗುವುದೂ ಅದೇ ಊರಿನ ಇನ್ನೊಂದು ಬಡಾವಣೆಗೆ, ಮೊದಲೇ ಮಾತಾಡಿಟ್ಟ ಪರಿಚಯದವರ ಮನೆಗೆ. ಅಂಥ ಎರಡು ಮನೆ ಗೊತ್ತಿರಲಿ, ಊರಿನ ಎರಡು ದಿಕ್ಕಿನಲ್ಲಿ.

ಬದಿಯಡ್ಕದ ಪಿಜಿ ಹುಡುಗಿ:

ನಾನು ವಿಜಯನಗರದಲ್ಲಿ ಪಿಜಿಯಲ್ಲಿ ಇದ್ದೇನೆ. ಪಿಜಿಯಲ್ಲಿ ಇರುವವರ ತಯಾರಿ ಬೇರೆ ಥರ. ಒಲೆ ಇಲ್ಲ, ಗ್ಯಾಸ್ ಇಲ್ಲ, ಅಡಿಗೆಯವರು ಬರದಿದ್ದರೆ ಊಟ ಇಲ್ಲ. ಅಮ್ಮ ಊರಿಂದ ಕುಚ್ಚಲಕ್ಕಿ ಕಟ್ಟಿ ಕೊಡುತ್ತಾರೆ. ಅದು ಬೇಯಲು ಎಷ್ಟು ಹೊತ್ತು ಬೇಕು ಅಂತ ನಿಮಗೆಲ್ಲ ಗೊತ್ತು. ಕೆಟಲ್‌ನಲ್ಲಿ ಆಗುವ ಕೆಲಸ ಅಲ್ಲ. ಅವಲಕ್ಕಿ ಕೊಡಿ ಅಂತ ಹೇಳಿದ್ದೇನೆ. ತೆಳು ಅವಲಕ್ಕಿಗೆ ಬಿಸಿನೀರೂ ಬೇಡ. ಬೆಲ್ಲ, ಮಿಡಿ ಉಪ್ಪಿನಕಾಯಿ, ಹುರಿಗಡಲೆ, ಒಣ ಖರ್ಜೂರ, ಬಾಳೆಹಣ್ಣಿನ ಚಿಪ್ಸ್. ಒಂದು ಡಬ್ಬದಲ್ಲಿ ಇಷ್ಟು ಯಾವಾಗಲೂ ಇರುತ್ತದೆ. ತಿಂಗಳಿಗೊಮ್ಮೆ ತಿಂದು ಮುಗಿಸಿ ಹೊಸದು ತುಂಬುತ್ತೇನೆ.

ಊಟಕ್ಕಿಂತ ದೊಡ್ಡ ತಲೆಬಿಸಿ ನೀರು. ನಮ್ಮ ಕಟ್ಟಡಕ್ಕೆ ಟ್ಯಾಂಕರ್ ನೀರು. ಬಂದ್ ದಿನ ಟ್ಯಾಂಕರ್ ಬರುವುದಿಲ್ಲ, ಕ್ಯಾನ್ ನೀರಿನವರೂ ಬರುವುದಿಲ್ಲ. ಹಾಗಾಗಿ 20 ಲೀಟರ್ ಕ್ಯಾನ್ ಒಂದು ಜಾಸ್ತಿ ಇಟ್ಟಿದ್ದೇವೆ, ಮೂವರು ಸೇರಿ ದುಡ್ಡು ಹಾಕಿ. ಗಲಾಟೆಯ ಸುದ್ದಿ ಬಂದ ಕೂಡಲೇ ಬಾತ್‌ರೂಮಿನ ಬಕೆಟ್ ಎಲ್ಲ ತುಂಬಿಸುತ್ತೇವೆ.

ಇನ್ನೊಂದು, ದುಡ್ಡು. ಇಂಟರ್‌ನೆಟ್ ಹೋದರೆ ಯುಪಿಐ ಹೋಯಿತು. ಎಟಿಎಂ ತನಕ ನಡೆಯುವುದೂ ಬೇಡ. 50, 100ರ ನೋಟುಗಳಲ್ಲಿ ಸ್ವಲ್ಪ ಕಪಾಟಿನಲ್ಲಿ ಇರಲಿ. ಗಲ್ಲಿಯ ಅಂಗಡಿಯವರು ಅರ್ಧ ಶಟರ್ ಎತ್ತಿ ಹಾಲು ಕೊಡುವಾಗ 500ಕ್ಕೆ ಚಿಲ್ಲರೆ ಇರುವುದಿಲ್ಲ. ನೆಟ್ ಇಲ್ಲದೆಯೂ *99# ಒತ್ತಿ ಹಣ ಕಳಿಸಬಹುದು, ಒಂದು ಸಲಕ್ಕೆ 5,000 ರೂಪಾಯಿ ತನಕ. ಬ್ಯಾಂಕಿಗೆ ಕೊಟ್ಟ ನಂಬರಿನಿಂದಲೇ ಮಾಡಬೇಕು. ಈಗಲೇ ಒಮ್ಮೆ ಹತ್ತು ರೂಪಾಯಿ ಕಳಿಸಿ ನೋಡಿಟ್ಟುಕೊಳ್ಳಿ.

ಫೋನ್ ಕವರಿನ ಹಿಂದೆ ಒಂದು ಚೀಟಿ ಮಡಚಿಟ್ಟಿದ್ದೇನೆ. ಅಪ್ಪ, ಅಮ್ಮ, ಮಾವ, ಪಿಜಿ ಓನರ್, ರೂಮ್‌ಮೇಟಿನ ಅಪ್ಪ, ಹತ್ತಿರದ ಠಾಣೆ. ಬಾಲ್‌ಪೆನ್ನಲ್ಲಿ ಬರೆದು ಮೇಲೆ ಸೆಲ್ಲೋಟೇಪ್ ಹಾಕಿದ್ದು, ಬೆವರಿಗೆ ಅಳಿಸುವುದಿಲ್ಲ. ಫೋನ್ ಸತ್ತರೆ ಯಾರ ನಂಬರೂ ಬಾಯಲ್ಲಿ ಇರುವುದಿಲ್ಲ ನೋಡಿ.

ಕುಂಬಳೆ ಟೀಚರ್:

ಶಾಬಾಸ್ ಮಗಳೇ. ಆ ಚೀಟಿ ಎಲ್ಲ ಮಕ್ಕಳ ಹತ್ತಿರವೂ ಇರಬೇಕು.

ಉಪ್ಪಳ ಮೆಡಿಕಲ್:

ಔಷಧದ ಅಂಗಡಿಯವನಾಗಿ ಎರಡು ಮಾತು. ದಿನಾ ತಗೊಳ್ಳುವ ಮಾತ್ರೆ ಇರುವವರು ಕೊನೇ ಸ್ಟ್ರಿಪ್ ತನಕ ಕಾಯಬೇಡಿ. ಹದಿನೈದು ದಿನದ್ದು ಯಾವಾಗಲೂ ಕೈಯಲ್ಲಿ ಇರಲಿ. ಫಿಟ್ಸ್ ಮಾತ್ರೆ, ಥೈರಾಯ್ಡ್, ಬಿಪಿ, ರಕ್ತ ತೆಳು ಮಾಡುವ ಮಾತ್ರೆ, ಇವನ್ನು ತಪ್ಪಿಸಲೇಬಾರದು. ಅಸ್ತಮಾ ಇದ್ದರೆ ಇನ್‌ಹೇಲರ್ ಎರಡು ಇರಲಿ. ಕರೆಂಟ್ ಹೋದರೆ ಇನ್ಸುಲಿನ್ ಹಾಳಾಯಿತು ಅಂತ ಗಾಬರಿ ಬೇಡ. ಬಳಸಲು ಶುರು ಮಾಡಿದ ಇನ್ಸುಲಿನ್ ಸಾಮಾನ್ಯವಾಗಿ ಕೋಣೆಯ ತಂಪಿನಲ್ಲಿ ನಾಲ್ಕು ವಾರದ ತನಕ ಇರುತ್ತದೆ, ಬಿಸಿಲು ಬೀಳಬಾರದು ಅಷ್ಟೇ. ನಿಮ್ಮ ಇನ್ಸುಲಿನ್ ಪೆಟ್ಟಿಗೆಯ ಒಳಗಿನ ಕಾಗದದಲ್ಲಿ ಒಮ್ಮೆ ಓದಿ ನೋಡಿ. ಡಾಕ್ಟರ ಚೀಟಿಯ ಫೋಟೊ ಫೋನಲ್ಲಿ ಇರಲಿ, ಜೆರಾಕ್ಸ್ ಒಂದು ಚೀಲದಲ್ಲಿ ಇರಲಿ.

ಇನ್ನು ಈಚೆ ಇರುವ ನಮ್ಮದೇ ವಿಷಯ. 2020ರ ಮಾರ್ಚ್‌ನಲ್ಲಿ ತಲಪಾಡಿ ಗಡಿ ಮುಚ್ಚಿದರಲ್ಲ, ಒಳದಾರಿಗಳಿಗೆ ಮಣ್ಣು ಸುರಿದರು. ಅದು ಕೊರೊನಾ ಕಾಲ, ಗಲಾಟೆ ಅಲ್ಲ. ಆದರೆ ಗಡಿ ಮುಚ್ಚಿದರೆ ಏನಾಗುತ್ತದೆ ಅಂತ ಅವತ್ತು ಕಂಡೆವು. ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ನಮ್ಮ ಕಡೆಯ ಹಲವರು ತೀರಿಕೊಂಡರು. ಡಯಾಲಿಸಿಸ್‌ನವರ ಮನೆಯವರು ಅಂಗಡಿ ಮುಂದೆ ಬಂದು ಅತ್ತದ್ದು ನಾನು ಮರೆಯುವುದಿಲ್ಲ. ಕೇರಳ ಹೈಕೋರ್ಟ್, ಸುಪ್ರೀಂ ಕೋರ್ಟ್ ತನಕ ಹೋದ ಮೇಲೆ ಏಪ್ರಿಲ್‌ನಲ್ಲಿ ತುರ್ತು ರೋಗಿಗಳಿಗೆ ದಾರಿ ಬಿಟ್ಟರು.

ಮಂಗಳೂರಲ್ಲಿ ಕರ್ಫ್ಯೂ ಬಂದರೂ ನಮಗೆ ಅದೇ ಕಷ್ಟ. ಡಯಾಲಿಸಿಸ್, ಕೀಮೊ, ಹೆರಿಗೆ ದಿನ ಹತ್ತಿರ ಇರುವವರು ಕಾಸರಗೋಡು ಅಥವಾ ಕಣ್ಣೂರು ಕಡೆಯ ಒಂದು ಆಸ್ಪತ್ರೆಯಲ್ಲೂ ಹೆಸರು ನೋಂದಾಯಿಸಿ ಫೈಲ್ ಮಾಡಿಸಿಡಿ. ಮಂಜೇಶ್ವರದಿಂದ ಮಂಗಳೂರು ಹತ್ತಿರ, ಪರಿಯಾರಂ ಮೆಡಿಕಲ್ ಕಾಲೇಜು ನೂರು ಕಿಲೋಮೀಟರಿನ ಆಸುಪಾಸು. ದೂರವೇ. ಆದರೂ ಅಲ್ಲಿ ನಿಮ್ಮ ಫೈಲ್ ಇದ್ದರೆ ಆ ರಾತ್ರಿ ಮೊದಲಿಂದ ಶುರು ಮಾಡಬೇಕಾಗಿಲ್ಲ.

ಅಕ್ಕಲಕೋಟದ ಕನ್ನಡಿಗ:

ನಮಸ್ಕಾರ್ರಿ ಎಲ್ಲರಿಗೂ. ನಮ್ಮ ದೊಡ್ಡ ಊರು ಪುಣೆ. ಮಗ ಅಲ್ಲಿ ಇದ್ದಾನೆ. ನಿಮಗೆ ಕಾವೇರಿ ಇದ್ದ ಹಾಗೆ ನಮಗೆ ಗಡಿ ತಂಟೆ. 2022ರ ಕೊನೆಗೆ ಪುಣೆ ಜಿಲ್ಲೆಯಲ್ಲಿ ಕರ್ನಾಟಕದ ಬಸ್ಸಿಗೆ ಕಪ್ಪು ಬಣ್ಣ ಬಳಿದರು. ಬೆಳಗಾವಿ ಕಡೆ ಹಿರೇಬಾಗೇವಾಡಿಯಲ್ಲಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು. ಎರಡೂ ಕಡೆ ಬಸ್ ನಿಂತವು. ನಮ್ಮದು ಮನೆಮಾತು ಕನ್ನಡ, ಗಾಡಿ ಎಂಎಚ್-13. ಈ ಕಡೆ ಮಾತು ಕೇಳಿ ನೋಡುತ್ತಾರೆ, ಆ ಕಡೆ ಪ್ಲೇಟ್ ನೋಡಿ ನಿಲ್ಲಿಸುತ್ತಾರೆ.

ಅಂಥ ದಿನ ಗಾಡಿ ಹೊರಗೆ ತೆಗೆಯುವುದೇ ಬೇಡ. ತೆಗೆಯಲೇಬೇಕಾದರೆ ಪ್ಲೇಟ್ ಮುಚ್ಚುವುದು, ಬಿಚ್ಚುವುದು ಮಾಡಬೇಡಿ. ಅದು ಕಾನೂನಿಗೆ ತಪ್ಪು, ಮೇಲಾಗಿ ಪೊಲೀಸರಿಗೂ ಗುಂಪಿಗೂ ಸಂಶಯ ಬರುತ್ತದೆ. ಗಾಜಿನ ಮೇಲಿನ ಬಾವುಟ, ಸಂಘಟನೆಯ ಸ್ಟಿಕರ್ ಎಲ್ಲ ಶಾಂತವಾಗಿರುವಾಗಲೇ ಕಿತ್ತುಬಿಡಿ. ಮುಂದೆ ಗುಂಪು ಕಂಡರೆ ದೂರದಲ್ಲೇ ತಿರುಗಿಸಿಕೊಳ್ಳಿ. ಹಾರ್ನ್ ಬೇಡ, ವಿಡಿಯೊ ಅಂತೂ ಬೇಡವೇ ಬೇಡ. ಫೋನ್ ಎತ್ತಿದವರ ಮೇಲೆ ಮೊದಲು ಬೀಳುತ್ತಾರೆ. ಸುತ್ತುವರಿದು ಘೋಷಣೆ ಕೂಗು ಅಂದರೆ ಕೂಗಿ ಮುಂದೆ ಹೋಗಿ. ಅಲ್ಲಿ ವಾದ ಮಾಡಿ ಗೆಲ್ಲುವುದು ಏನೂ ಇಲ್ಲ. ಮಗನಿಗೆ ಇದನ್ನು ಮತ್ತೆ ಮತ್ತೆ ಹೇಳಿದ್ದೇನೆ. ಗಾಡಿ ಬಿಟ್ಟು ಇಳಿದು ಹೋಗು ಅಂದರೆ ಇಳಿದು ಹೋಗು, ಗಾಡಿ ಮತ್ತೆ ತಗೊಳ್ಳೋಣ ಅಂತ.

ಮುಳ್ಳೇರಿಯದಿಂದ:

ಗಾಡಿ ಮತ್ತೆ ತಗೊಳ್ಳಲು ವಿಮೆ ಸರಿ ಇರಬೇಕು. ನಾನು ವಿಮೆ ಕೆಲಸ ಮಾಡುವವನು, ಅದಕ್ಕೆ ಹೇಳುತ್ತೇನೆ. ಥರ್ಡ್ ಪಾರ್ಟಿ ಮಾತ್ರ ಇದ್ದರೆ ಗಲಾಟೆಯಲ್ಲಿ ಸುಟ್ಟ ಗಾಡಿಗೆ ಒಂದು ರೂಪಾಯಿಯೂ ಬರುವುದಿಲ್ಲ. ಫುಲ್ ಇನ್ಶೂರೆನ್ಸ್ ಅಂತ ನಾವು ಹೇಳುವುದರಲ್ಲಿ ದಂಗೆ, ಮುಷ್ಕರದ ಹಾನಿ ಸೇರಿರುತ್ತದೆ. ಹಳೆ ಬೈಕ್ ಅಂತ ತುಂಬಾ ಜನ ಬರೀ ಥರ್ಡ್ ಪಾರ್ಟಿ ಕಟ್ಟುತ್ತಾರೆ. ಬೆಂಗಳೂರಿಗೆ ತಗೊಂಡು ಹೋಗುವ ಬೈಕಿಗೆ ಹಾಗೆ ಮಾಡಬೇಡಿ. 2021ರ ಏಪ್ರಿಲ್‌ನಿಂದ ಇರುವ ಭಾರತ್ ಗೃಹ ರಕ್ಷಾ ಪಾಲಿಸಿಯಲ್ಲಿ ಮನೆಗೂ ದಂಗೆಯ ಹಾನಿಗೆ ರಕ್ಷಣೆ ಇದೆ. ಬಾಡಿಗೆಯವರು ಸಾಮಾನಿಗೆ ಮಾತ್ರವೂ ಮಾಡಿಸಬಹುದು. ಹಾನಿ ಆದರೆ ಏನನ್ನೂ ಸರಿಸುವ ಮೊದಲು ಫೋಟೊ ತೆಗೆಯಿರಿ, ಎಫ್‌ಐಆರ್ ಮಾಡಿಸಿ, ಕಂಪನಿಗೆ ಬೇಗ ತಿಳಿಸಿ.

ತಾಳವಾಡಿ ರೈತ:

ನಮ್ಮದು ತಮಿಳುನಾಡು, ಆದರೆ ಪೇಟೆ, ಆಸ್ಪತ್ರೆ, ನೆಂಟಸ್ತಿಕೆ ಎಲ್ಲ ಚಾಮರಾಜನಗರ. 2000ದ ಜುಲೈ 30ರ ರಾತ್ರಿ ಇಲ್ಲೇ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಕರೆದೊಯ್ದ. ಅವರು ಬಿಡುಗಡೆ ಆಗಲು 108 ದಿನ ಬೇಕಾಯಿತು. ಇಲ್ಲಿ ಆದದ್ದಕ್ಕೆ ಅಲ್ಲಿ ಬೆಂಗಳೂರು ಬಾಗಿಲು ಹಾಕಿತು. ಬೆಂಗಳೂರಲ್ಲಿ ಇದ್ದ ನಮ್ಮ ಹುಡುಗರು ಯಾವ ಊರು ಅಂತ ಕೇಳಿದರೆ ಹೇಳಲು ಹಿಂಜರಿಯುತ್ತಿದ್ದರು.

ಕಾವೇರಿ ಗಲಾಟೆ ಬಂದಾಗ ಚಾಮರಾಜನಗರದ ಬಸ್ ಮೊದಲು ನಿಲ್ಲುತ್ತದೆ. ಉಳಿಯುವುದು ದಿಂಬಂ ಘಾಟಿ, 27 ತಿರುವು, ರಾತ್ರಿ ನಿರ್ಬಂಧ ಬೇರೆ. ಅದಕ್ಕೆ ನಾವು ಟೊಮೆಟೊ, ಕೋಸು ಕಟಾವನ್ನು ಸುದ್ದಿ ನೋಡಿ ಮಾಡುತ್ತೇವೆ. ಕೋರ್ಟ್ ತೀರ್ಪಿನ ದಿನ ಲೋಡ್ ಕಳಿಸುವುದಿಲ್ಲ.

ಮಡಕಶಿರಾ:

ನಮ್ಮಲ್ಲೂ ಹಾಗೇ. ನಮ್ಮದು ಆಂಧ್ರ, ಆದರೆ ಮೂರು ಕಡೆ ಕರ್ನಾಟಕ.

ಕಾಸರಗೋಡು ವಕೀಲರು:

ಕಾನೂನಿನ ವಿಷಯ ಸ್ವಲ್ಪ. ನಿಷೇಧಾಜ್ಞೆ ಬೇರೆ, ಕರ್ಫ್ಯೂ ಬೇರೆ. ಹಿಂದೆ 144 ಸೆಕ್ಷನ್ ಅನ್ನುತ್ತಿದ್ದದ್ದು 2024ರ ಜುಲೈ 1ರಿಂದ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್. ಗುಂಪು ಸೇರಬಾರದು ಅಂತ ಆದೇಶ ಇದ್ದಾಗ ಸಾಮಾನ್ಯವಾಗಿ ಒಬ್ಬರೇ ಹೋಗಿ ಹಾಲು ತರಬಹುದು. ಕರ್ಫ್ಯೂ ಅಂದರೆ ಹೊರಗೆ ಬರಲೇಬಾರದು. ಆದೇಶವನ್ನು ಸರಿಯಾಗಿ ಓದಿ, ಅದರಲ್ಲಿ ಠಾಣೆಯ ವ್ಯಾಪ್ತಿ ಮತ್ತು ಸಮಯ ಬರೆದಿರುತ್ತಾರೆ. ಅದಕ್ಕೆ ನೀವಿರುವ ಮನೆ ಯಾವ ಠಾಣೆಗೆ ಸೇರುತ್ತದೆ ಅಂತ ಮೊದಲೇ ಗೊತ್ತಿರಬೇಕು.

ಹೊರಗೆ ಹೋಗಲೇಬೇಕಾದರೆ ಗುರುತಿನ ಚೀಟಿ, ರೈಲು ಟಿಕೆಟ್, ಆಸ್ಪತ್ರೆಯ ಪತ್ರ, ಪರೀಕ್ಷೆಯ ಹಾಲ್ ಟಿಕೆಟ್ ಕಾಗದದಲ್ಲೇ ಇಟ್ಟುಕೊಳ್ಳಿ. ನೆಟ್ ಇಲ್ಲದಿದ್ದರೆ ಫೋನಲ್ಲಿ ತೋರಿಸಲು ಆಗದು. ತುರ್ತಿಗೆ 112, ಆಂಬುಲೆನ್ಸ್‌ಗೆ 108. ಕುತೂಹಲಕ್ಕೆ ಅಂತ ರಸ್ತೆ ಬದಿ ನಿಂತು ನೋಡಬೇಡಿ. ಲಾಠಿ ಬೀಸುವಾಗ ಯಾರು ನೋಡಲು ಬಂದವರು, ಯಾರು ಕಲ್ಲು ಹೊಡೆದವರು ಅಂತ ಯಾರೂ ವಿಚಾರಿಸುವುದಿಲ್ಲ. ಹಳೆಯ ವಿಡಿಯೊ, ಖಾತ್ರಿ ಇಲ್ಲದ ಸುದ್ದಿ ಫಾರ್ವರ್ಡ್ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 353ನೇ ಸೆಕ್ಷನ್ ಕೆಳಗೆ ಕೇಸ್ ಆಗಬಹುದು. ಊರಲ್ಲಿ ಕೂತು ಗ್ರೂಪಿಗೆ ಕಳಿಸುವ ಹಿರಿಯರಿಗೂ ಈ ಮಾತು.

ಬದಿಯಡ್ಕದ ಪಿಜಿ ಹುಡುಗಿ:

ಅಶ್ರುವಾಯು ಕೋಣೆಗೆ ಬಂದರೆ ಏನು ಮಾಡಬೇಕು? ನಮ್ಮದು ಮೇನ್ ರೋಡಿನ ಪಕ್ಕದಲ್ಲೇ ಇರುವ ಮೊದಲ ಮಹಡಿ.

ಉಪ್ಪಳ ಮೆಡಿಕಲ್:

ತಂಗಿ, ಕಿಟಕಿ ಹಾಕಿ, ಬಾಗಿಲ ಸಂದಿಗೆ ಒದ್ದೆ ಬಟ್ಟೆ ಒತ್ತಿ, ಹಿಂದಿನ ಕೋಣೆಗೆ ಹೋಗಿ. ಕಣ್ಣು ಉಜ್ಜಬಾರದು. ಬರೀ ನೀರಿನಿಂದ ಚೆನ್ನಾಗಿ ತೊಳೆಯಿರಿ. ಕಾಂಟ್ಯಾಕ್ಟ್ ಲೆನ್ಸ್ ಇದ್ದರೆ ಕೈ ತೊಳೆದು ಮೊದಲು ತೆಗೆಯಬೇಕು. ಬಟ್ಟೆ ಬದಲಾಯಿಸಿ. ಅಸ್ತಮಾ ಇದ್ದವರಿಗೆ ಇನ್‌ಹೇಲರ್ ಕೈಯಲ್ಲೇ ಇರಲಿ, ಉಸಿರು ಕಟ್ಟಿದರೆ 108ಕ್ಕೆ ಮಾಡಿ. ಗಲಾಟೆ ಇರುವಷ್ಟು ಹೊತ್ತು ರಸ್ತೆ ಕಡೆಯ ಕಿಟಕಿ ಹತ್ತಿರ, ಟೆರೇಸಿನಲ್ಲಿ ನಿಲ್ಲಬೇಡಿ.

ಮಂಜೇಶ್ವರದ ಅಣ್ಣ:

ಇಷ್ಟೆಲ್ಲ ಓದಿದ ಮೇಲೆ ಟೀಚರ್ ಮಾತು ಅರ್ಧ ಒಪ್ಪಿದೆ. ಆದರೆ ಕೋಮು ಗಲಾಟೆ ಆದರೆ ಬೇರೆ ಅಲ್ವಾ? ಅಲ್ಲಿ ಪ್ಲೇಟ್ ನೋಡುವುದಿಲ್ಲ, ಹೆಸರು ಕೇಳುತ್ತಾರೆ. ನಮ್ಮ ಕಡೆಯ ಮಕ್ಕಳು ಎಲ್ಲ ಜಾತಿ ಧರ್ಮದವರೂ ಅಲ್ಲಿದ್ದಾರೆ.

ಕುಂಬಳೆ ಟೀಚರ್:

ಈ ಪ್ರಶ್ನೆ ಬರಬೇಕಿತ್ತು ಅಣ್ಣ, ಕೇಳಿದ್ದಕ್ಕೆ ಸಂತೋಷ. ನನ್ನ ಕ್ಲಾಸಿನಲ್ಲಿ ಬ್ಯಾರಿ ಮಕ್ಕಳು, ತುಳು ಮಕ್ಕಳು, ಕೊಂಕಣಿ, ಮಲಯಾಳ, ಹವ್ಯಕ ಮಕ್ಕಳು ಒಂದೇ ಬೆಂಚಿನಲ್ಲಿ ಕೂತು ಕನ್ನಡ ಓದಿದವರು. ಅವರೇ ಈಗ ಬೆಂಗಳೂರಲ್ಲಿ ಬೇರೆ ಬೇರೆ ಬಡಾವಣೆಗಳಲ್ಲಿ ಇದ್ದಾರೆ. ಅವರ ನಂಬರ್ ಪರಸ್ಪರರ ಹತ್ತಿರ ಇರಬೇಕು, ಅದೇ ದೊಡ್ಡ ರಕ್ಷಣೆ. ನಾನು ಹೇಳಿದ ಎರಡು ಮನೆಗಳಲ್ಲಿ ಒಂದಾದರೂ ಬೇರೆ ಧರ್ಮದವರದ್ದು ಇರಲಿ. ಒಂದು ಕಡೆಯವರಿಗೆ ಹೊರಗೆ ಬರಲು ಆಗದ ದಿನ ಇನ್ನೊಂದು ಕಡೆಯವರಿಗೆ ಗಲ್ಲಿ ದಾಟಿ ಬಂದು ಹಾಲು, ಮಾತ್ರೆ ಕೊಡಲು ಆಗುತ್ತದೆ. ಈ ಪರಿಚಯ ಹಬ್ಬಕ್ಕೆ ಊಟಕ್ಕೆ ಕರೆದು, ಕಷ್ಟಕ್ಕೆ ನಿಂತು ಬೆಳೆಯಬೇಕು. ಗಲಾಟೆಯ ದಿನ ಫೋನ್ ಮಾಡಿ ನಾನು ಇಂಥವಳು ಅಂತ ಹೇಳಿಕೊಳ್ಳುವುದು ಕಷ್ಟ.

ಮನೆಯವರು ಫೋನ್ ಮಾಡುವುದರ ಬಗ್ಗೆಯೂ ಒಂದು ನಿಯಮ ಬೇಕು. ಬೆಳಿಗ್ಗೆ ಎಂಟಕ್ಕೆ, ರಾತ್ರಿ ಎಂಟಕ್ಕೆ ಮಗುವಿನಿಂದ ಒಂದು ಎಸ್ಸೆಮ್ಮೆಸ್: ಎಲ್ಲಿದ್ದೇನೆ, ಯಾರ ಜೊತೆ. ಅಷ್ಟು ಸಾಕು. ಅತ್ತೆ, ಚಿಕ್ಕಮ್ಮ, ಅಜ್ಜ ಎಲ್ಲರೂ ಅವಳಿಗೇ ಮಾಡಿದರೆ ಚಾರ್ಜ್ ಮುಗಿಯುತ್ತದೆ. ಊರಲ್ಲಿ ಒಬ್ಬರು ಸುದ್ದಿ ತಗೊಂಡು ಉಳಿದವರಿಗೆ ಹೇಳಲಿ. ನಮ್ಮ ಮನೆಯಲ್ಲಿ ಆ ಕೆಲಸ ನನ್ನ ತಮ್ಮನದ್ದು.

ಹೊಸೂರು ಟು ಎಲೆಕ್ಟ್ರಾನಿಕ್ ಸಿಟಿ:

ನಮ್ಮ ಮನೆಯಲ್ಲಿ ಆರು ತಿಂಗಳ ಮಗು ಇದೆ. ಹಾಲಿನ ಪುಡಿ ಎಷ್ಟು ಇಟ್ಟುಕೊಂಡರೆ ಸರಿ ಮೆಡಿಕಲ್ ಅಣ್ಣಾ?

ಉಪ್ಪಳ ಮೆಡಿಕಲ್:

ಒಡೆಯದ ಡಬ್ಬ ಒಂದು ಜಾಸ್ತಿ ಇರಲಿ ಸಾಕು. ಒಡೆದ ಮೇಲೆ ಎಷ್ಟು ದಿನ ಇಡಬಹುದು ಅಂತ ಡಬ್ಬದ ಮೇಲೆ ಬರೆದಿರುತ್ತಾರೆ. ಕಾಯಿಸಿದ ನೀರು ಫ್ಲಾಸ್ಕಿನಲ್ಲಿ ಇಡಿ. ಜ್ವರದ ಡ್ರಾಪ್ಸ್, ಓಆರ್‌ಎಸ್ ಪೊಟ್ಟಣ ನಾಲ್ಕೈದು ಇರಲಿ. ಮಗುವಿನ ತೂಕಕ್ಕೆ ಡ್ರಾಪ್ಸ್ ಎಷ್ಟು ಅಂತ ಡಾಕ್ಟರ ಹತ್ತಿರ ಈಗಲೇ ಕೇಳಿ, ಬಾಟಲಿಯ ಮೇಲೆ ಬರೆದಿಡಿ.